ಆಡುವವರು, ಆಡಿಸುವವರು

ನಟ ನಿರ್ದೇಶನಕ್ಕೆ ಇಳಿದನೆಂದರೆ ‘ಪಾಪ, ಪಾತ್ರ ಸಿಗ್ತಿಲ್ಲವೇನೋ’ ಎನ್ನುವವರು ಮೊದಲಿಂದಲೂ ಇದ್ದಾರೆ. ಈಚೆಗೆ ವಿಚಾರಸಂಕಿರಣಗಳಲ್ಲಿ ಇನ್ನೊಂದು ಮಾತು ಚಲಾವಣೆಗೆ ಬಂದಿದೆ: ಆಧುನಿಕ ಕನ್ನಡ ರಂಗಭೂಮಿ ದೆಹಲಿಯಲ್ಲಿ ನಿರ್ದೇಶನ ಕಲಿತು ಬಂದವರ ಸೃಷ್ಟಿ, ನಟರು ಅವರ ಕೈಗೊಂಬೆಗಳು. ನಲವತ್ತು ವರ್ಷ ಪರದೆಯ ಹಿಂದೆ ಮುಂದೆ ಓಡಾಡಿದ ನನಗೆ ಎರಡೂ ಸೋಮಾರಿ ಮಾತುಗಳೇ.

ಕಂಪನಿ ನಾಟಕಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಮುಂದೆ ವೀರಣ್ಣನವರು ಮಾಲೀಕರೂ ಆದರು, ನಟರಾಗಿಯೂ ಉಳಿದರು. ಪಾತ್ರ ಹೇಳಿಕೊಡಲು ನಾಟಕದ ಮೇಷ್ಟ್ರು, ಹಾಡು ಕೂರಿಸಲು ಹಾರ್ಮೋನಿಯಂ ಮೇಷ್ಟ್ರು. ನಿರ್ದೇಶಕನಿಗೆಂದು ಬೇರೆ ಕುರ್ಚಿ ಇರಲಿಲ್ಲ. ಅಲ್ಲಿ ಬಾಲನಟನಾಗಿದ್ದ ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದರು. ದೆಹಲಿಯ ಪಾಠ ಅಲ್ಲಿ ಇತ್ತು, ನಿಜ. ಆದರೆ ಅವರ ರಂಗಸಂಗೀತದಲ್ಲಿ ನನಗೆ ಕೇಳಿಸುತ್ತಿದ್ದುದು ಗುಬ್ಬಿ ಕಂಪನಿಯ ಆ ಹುಡುಗನೇ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ‘ಸ್ಪಂದನ’ ಕಟ್ಟಿ ‘ಲಕ್ಷಾಪತಿ ರಾಜನ ಕಥೆ’, ‘ಕರಿಮಾಯಿ’ ಆಡಿಸಿದಾಗಲೂ ಹಾಗೆಯೇ: ಗುಂಪು ಒಟ್ಟಿಗೆ ಉಸಿರಾಡುವ ಬಗೆಯನ್ನು ಅವರು ಪುಸ್ತಕದಿಂದ ತಂದದ್ದಲ್ಲ.

ನಮ್ಮ ತಲೆಮಾರಿನ ಮಾತು ಬಂದರೆ ಶಂಕರ್‌ನಾಗ್ ಹೆಸರಿಗೆ ನಾನು ಹೆಚ್ಚು ಜಾಗ ಕೊಡುತ್ತೇನೆ. ಪಕ್ಷಪಾತ ಎಂದರೆ ಎನ್ನಲಿ. ಮರಾಠಿ ರಂಗಭೂಮಿಯಿಂದ ಬಂದವರು, 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ತಾರೆಯಾದವರು. ಸಿನಿಮಾದ ಕಾಲ್‌ಶೀಟ್‌ಗಳ ನಡುವೆಯೂ ‘ಸಂಕೇತ್’ ತಂಡಕ್ಕೆ ‘ನೋಡಿ ಸ್ವಾಮಿ ನಾವಿರೋದು ಹೀಗೆ’, ‘ನಾಗಮಂಡಲ’ ಆಡಿಸಿದರು. ನಟನೆ ಬಿಟ್ಟು ನಿರ್ದೇಶನಕ್ಕೆ ಹೋದದ್ದಲ್ಲ, ಎರಡನ್ನೂ ಒಟ್ಟಿಗೆ ಎಳೆದರು. ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಬಗ್ಗೆ ಬರೆಯುವವರೆಲ್ಲ ಆ ಊರಿನ ಮಳೆಯನ್ನೂ ದೊಡ್ಡಮನೆಯನ್ನೂ ಹೊಗಳುತ್ತಾರೆ. ನನಗೆ ಮುಖ್ಯವಾದದ್ದು ಪಾತ್ರ ಹಂಚಿಕೆ. ಸಣ್ಣ ಸಣ್ಣ ಪಾತ್ರಗಳಿಗೂ ರಂಗಭೂಮಿಯಲ್ಲಿ ಪಳಗಿದವರು ಬಂದರು. ಎರಡೇ ಮಾತಿನ ಪಾತ್ರವೂ ಊರಿನಲ್ಲಿ ಬಾಳಿದವನಂತೆ ಕಂಡಿತು. ಎರಡು ಮಾತಿನ ಪಾತ್ರದ ಸಂಕಟ ಗೊತ್ತಿರುವುದು ಅದನ್ನು ಮಾಡಿದವರಿಗೆ.

1998ರ ‘ಮಾಯಾಮೃಗ’ದ ಹೊತ್ತಿಗೆ ದಿನದ ಧಾರಾವಾಹಿ ಮನೆಮಾತಾಯಿತು. ನಾಟಕ ಬರೆದು, ಬಣ್ಣವನ್ನೂ ಹಚ್ಚಿದ್ದ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜೊತೆಗೂಡಿ ಅದನ್ನು ನಿರ್ದೇಶಿಸಿದರು. ಸೀತಾರಾಂ ಬಗ್ಗೆ ಸಾಕಷ್ಟು ಬರೆದಾಗಿದೆ.

ಬರೆಯದೆ ಉಳಿದದ್ದು ವೈಶಾಲಿ ಕಾಸರವಳ್ಳಿಯವರ ಬಗ್ಗೆ. ‘ಮಾಲ್ಗುಡಿ’ಯ ಸ್ವಾಮಿಯ ಅಮ್ಮನಾಗಿ ಜನ ಅವರನ್ನು ನೆನೆಯುತ್ತಾರೆ, ‘ತಾಯಿ ಸಾಹೇಬ’ದ ವಸ್ತ್ರವಿನ್ಯಾಸಕ್ಕೆ ಬಂದ ರಾಷ್ಟ್ರಪ್ರಶಸ್ತಿಯನ್ನೂ ಕೆಲವರು ಹೇಳುತ್ತಾರೆ. ‘ಮೂಡಲ ಮನೆ’ಯ ನಿರ್ದೇಶಕಿ ಎಂದು ಮಾತ್ರ ಯಾರೂ ಮೊದಲಿಗೆ ಹೇಳುವುದಿಲ್ಲ. ಬೆಂಗಳೂರಿನ ಡ್ರಾಯಿಂಗ್ ರೂಮಿನಲ್ಲೇ ಸುತ್ತುತ್ತಿದ್ದ ಧಾರಾವಾಹಿಗೆ ಅವರು ಉತ್ತರ ಕರ್ನಾಟಕದ ತುಂಬು ಮನೆಯನ್ನೂ ಅಲ್ಲಿನ ಮಾತನ್ನೂ ತಂದರು. ದಿನವೂ ಎಪಿಸೋಡ್ ಒಪ್ಪಿಸುವ ಧಾವಂತದಲ್ಲೂ ಅಡುಗೆಮನೆಯ ಮೌನಕ್ಕೆ ಜಾಗ ಬಿಟ್ಟರು. ಕೇಳಿಸಿಕೊಳ್ಳುವುದೂ ಅಭಿನಯವೇ ಎಂದು ಬಲ್ಲ ನಟಿಯ ಕೆಲಸ ಅದು. 2010ರಲ್ಲಿ ಅವರು ತೀರಿಕೊಂಡರು.

ಸಿನಿಮಾ ಚರಿತ್ರೆಗಳು ಧಾರಾವಾಹಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ರಂಗಭೂಮಿಯ ಚರಿತ್ರೆಗಳು ಅದನ್ನು ಹೊಟ್ಟೆಪಾಡು ಎನ್ನುತ್ತವೆ. ಹೀಗಾಗಿ ಇಂಥವರ ಅರ್ಧ ದುಡಿಮೆ ಎಲ್ಲಿಯೂ ಸೇರುವುದಿಲ್ಲ. ಟಿ.ವಿ. ಲೋಕದಲ್ಲಿ ಹಳೆಯ ಟೇಪಿನ ಮೇಲೆ ಹೊಸದನ್ನು ತುಂಬಿಸುವುದು ಮಾಮೂಲಾಗಿತ್ತು ಬೇರೆ. ಆ ಕಾಲದಲ್ಲಿ ಮನೆಯಲ್ಲೇ ಧಾರಾವಾಹಿಗಳನ್ನು ವಿಸಿಆರ್‌ನಲ್ಲಿ ಹಿಡಿದಿಟ್ಟುಕೊಂಡವರು ಓದುಗರಲ್ಲಿ ಇರಬಹುದು. ಅಟ್ಟದ ಮೇಲೆ ಅಂಥ ಕ್ಯಾಸೆಟ್ ಇದ್ದರೆ, ದಯವಿಟ್ಟು ಗುಜರಿಗೆ ಹಾಕಬೇಡಿ.