ಕಾಲೇಜು ಸಂಘವೊಂದರ ಕಾಣಿಕೆ

ಕಾಲೇಜಿನ ಪಾಠಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದ ಕಾಲ. ಕನ್ನಡದಲ್ಲಿ ಬರೆಯಲು ವಿದ್ಯಾವಂತರೇ ಹಿಂಜರಿಯುತ್ತಿದ್ದರು. ಆಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಕರ್ನಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟು ಹೊಸಗನ್ನಡಕ್ಕೆ ವೇದಿಕೆಯಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯವೇ ಅದನ್ನು ವಹಿಸಿಕೊಂಡಿತು. ಶಾಸ್ತ್ರಿಗಳ ‘ವಚನಭಾರತ’ ಮನೆಮಾತಾಯಿತು. 1961ರಲ್ಲಿ ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅನಂತರ ಅದೇ ಕಾಲೇಜಿನಲ್ಲಿ ಜಿ. ಪಿ. ರಾಜರತ್ನಂ ಅವರು ಎಳೆಯ ಬರಹಗಾರರ ಬೆನ್ನು ತಟ್ಟಿದರು. ಅಲ್ಲಿ ಭೂವಿಜ್ಞಾನ ಓದಿದ ಕೆ. ಎಸ್. ನಿಸಾರ್ ಅಹಮದ್ ನಾಡಿನ ಮೆಚ್ಚಿನ ಕವಿಯಾದರು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನಮ್ಮ ಮಕ್ಕಳು ಓದುವುದೂ ಹೆಚ್ಚಾಗಿ ಇಂಗ್ಲಿಷಿನಲ್ಲೇ. ಕನ್ನಡ ಉಳಿಯಲು ತರಗತಿಯೇ ಬೇಕೆಂದಿಲ್ಲ. ಬೆನ್ನು ತಟ್ಟುವ ಹಿರಿಯರೊಬ್ಬರು, ಕೂಡಿ ಓದುವ ನಾಲ್ವರು ಗೆಳೆಯರಿದ್ದರೆ ಆರಂಭಕ್ಕೆ ಸಾಕು.