ತಂಗುವವರಿಗಾಗಿ ಕಟ್ಟಿದ ಹೆದ್ದಾರಿ

ಅಶೋಕ ಸಾಲುಮರ ನೆಡಿಸಿದ್ದು ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಬಾಯಿಪಾಠ. ಆ ಮಾತಿಗೆ ಆಧಾರವಾದ ಶಾಸನ ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿದೆ. ಹರಿಯಾಣದ ತೋಪ್ರಾದಲ್ಲಿದ್ದ ಆ ಶಾಸನದ ಕಂಬವನ್ನು 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಯಮುನೆಯಲ್ಲಿ ತೇಲಿಸಿಕೊಂಡು ತಂದು ತನ್ನ ಕೋಟೆಯಲ್ಲಿ ನಿಲ್ಲಿಸಿದ. ಮನುಷ್ಯರಿಗೂ ದನಕರುಗಳಿಗೂ ನೆರಳಾಗಲೆಂದು ದಾರಿಬದಿಯಲ್ಲಿ ಆಲದ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ತಂಗುದಾಣ ಕಟ್ಟಿಸಿದ್ದನ್ನೂ ಅಶೋಕ ಅದರಲ್ಲಿ ಹೇಳಿಕೊಂಡಿದ್ದಾನೆ.

ದೆಹಲಿಯಿಂದ ಅಮೃತಸರಕ್ಕೆ ಕಾರಿನಲ್ಲಿ ಹೊರಡುವ ಗೆಳೆಯರು ಮೊದಲು ಈ ಕಂಬ ನೋಡಿಕೊಂಡು ಹೊರಟರೆ ಒಳ್ಳೆಯದು. ಅವರು ಹಿಡಿಯುವ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ನೋಡಬೇಕಾದದ್ದೆಲ್ಲ ಇರುವುದು ಜನ ನಿಂತ ಜಾಗಗಳಲ್ಲಿ. ಸುಮಾರು 450 ಕಿ.ಮೀ. ದಾರಿಯನ್ನು ಒಂದೇ ದಿನದಲ್ಲಿ ಮುಗಿಸಿಬಿಡಬಹುದು, ಹಾಗೆ ಮುಗಿಸಿದವರಿಗೆ ಇದರಲ್ಲಿ ಏನೂ ದಕ್ಕುವುದಿಲ್ಲ. ಬೆಂಗಳೂರಿನವರಿಗಂತೂ ಈ ರಸ್ತೆಯ ಸಂಖ್ಯೆ ಹೊಸದಲ್ಲ. ಹೆಬ್ಬಾಳ ದಾಟಿ ಚಿಕ್ಕಬಳ್ಳಾಪುರದ ಕಡೆ ಹೋಗುವ ಅದೇ ರಾಷ್ಟ್ರೀಯ ಹೆದ್ದಾರಿ 44 ಇಲ್ಲಿ ಪಾಣಿಪತ್, ಕರ್ನಾಲ್, ಅಂಬಾಲಾ, ಲುಧಿಯಾನಾ ಹಾದು ಜಲಂಧರ್ ಮುಟ್ಟುತ್ತದೆ.

1540ರಿಂದ 1545ರವರೆಗೆ, ಐದೇ ವರ್ಷ ಆಳಿದ ಶೇರ್ ಷಾ ಸೂರಿ ಬಂಗಾಳದಿಂದ ಸಿಂಧೂ ನದಿಯವರೆಗಿನ ಈ ದಾರಿಯನ್ನು ಒಂದು ಸೂತ್ರಕ್ಕೆ ತಂದ. ಎರಡೆರಡು ಕೋಸಿಗೆ (ಒಂದು ಕೋಸ್ ಎಂದರೆ ಸುಮಾರು 3 ಕಿ.ಮೀ.) ಒಂದು ಸರಾಯ್ ಎಂಬ ತಂಗುದಾಣ, ಹಿಂದೂಗಳಿಗೆ ಮುಸ್ಲಿಮರಿಗೆ ಬೇರೆ ಬೇರೆ ಬಿಡಾರ, ಬಾಗಿಲಲ್ಲಿ ನೀರು ತುಂಬಿಟ್ಟ ಹಂಡೆ, ಟಪಾಲಿಗೆ ಎರಡು ಕುದುರೆ: ಅಕ್ಬರನ ಕಾಲದಲ್ಲಿ ಇತಿಹಾಸ ಬರೆದ ಅಬ್ಬಾಸ್ ಖಾನ್ ಸರ್ವಾನಿ ಕೊಡುವ ವಿವರವಿದು. ನಮ್ಮ ಕಡೆಯ ಛತ್ರ, ಅರವಟ್ಟಿಗೆ, ಅಂಚೆ ಮೂರನ್ನೂ ಒಂದೇ ಗೋಡೆಯೊಳಗೆ ತಂದ ವ್ಯವಸ್ಥೆ ಅನ್ನಬಹುದು.

ದಾರಿಯ ಲೆಕ್ಕ ಹೇಳುತ್ತಿದ್ದವು ಕೋಸ್ ಮಿನಾರ್‌ಗಳು. ಇಟ್ಟಿಗೆ ಗಾರೆಯ ಈ ಕಂಬಗಳು ಬುಡದಲ್ಲಿ ಎಂಟು ಮೂಲೆ, ಮೇಲೆ ದುಂಡಗೆ, ತುದಿಗೆ ಹೋಗುತ್ತ ಸಣ್ಣಗೆ. ಎತ್ತರ ಹೆಚ್ಚುಕಡಿಮೆ 30 ಅಡಿ. ಒಳಗೆ ಏನೂ ಇಲ್ಲ, ಮೇಲೆ ಬರಹವೂ ಇಲ್ಲ. ಬಯಲಿನಲ್ಲಿ ದೂರದಿಂದ ಕಂಡರೆ ಸಾಕು, ಕೆಲಸ ಮುಗಿಯಿತು. ಜಹಾಂಗೀರ್ 1619ರಲ್ಲಿ ಆಗ್ರಾದಿಂದ ಲಾಹೋರಿನವರೆಗೆ ಇವನ್ನು ಕಟ್ಟಲು, ಮೂರು ಕೋಸಿಗೊಂದು ಬಾವಿ ತೋಡಲು ಅಪ್ಪಣೆ ಕೊಟ್ಟ. ಹರಿಯಾಣದಲ್ಲೇ ಇಂಥ ನಲವತ್ತಕ್ಕೂ ಹೆಚ್ಚು ಕಂಬಗಳು ಉಳಿದಿವೆ. ದೆಹಲಿಯ ಮೃಗಾಲಯದ ಒಳಗೂ ಒಂದಿದೆ.

ಮುರ್ಥಲ್‌ನಲ್ಲಿ ದೆಹಲಿ ಬಿಟ್ಟು ಹೊರಟ ಎಲ್ಲರ ಕಾರೂ ನಿಲ್ಲುತ್ತದೆ. ಲಾರಿ ಚಾಲಕರ ಹಸಿವು ತಣಿಸಲು ಹುಟ್ಟಿದ ಢಾಬಾಗಳು ಈಗ ರಾತ್ರಿಯಿಡೀ ದೀಪ ಉರಿಸಿಕೊಂಡು ಆಲೂ ಪರಾಠಾದ ಮೇಲೆ ಬೆಣ್ಣೆಯ ಮುದ್ದೆ ಇಟ್ಟು ಕೊಡುತ್ತವೆ. ಸರಾಯ್ ಮಾಡುತ್ತಿದ್ದ ಕೆಲಸವನ್ನೇ ಇವು ಮುಂದುವರಿಸಿವೆ.

ಮುಂದೆ ಪಾಣಿಪತ್. 1526, 1556, 1761: ಮೂರು ಯುದ್ಧ ಇಲ್ಲೇ ಆಗಲು ಈ ದಾರಿಯೂ ಒಂದು ಕಾರಣ. ವಾಯವ್ಯದಿಂದ ದೆಹಲಿಗೆ ಬರುವ ಸೈನ್ಯಕ್ಕೆ ಇದೇ ಹಾದಿ, ಕುದುರೆ ಓಡಿಸಲು ಸಮತಟ್ಟು ಬಯಲು. ಅಲ್ಲಿಂದ ಸ್ವಲ್ಪ ಮುಂದೆ ಘರೌಂಡಾದಲ್ಲಿ ಷಾಜಹಾನನ ಕಾಲದ ಸರಾಯ್‌ನ ಹೆಬ್ಬಾಗಿಲುಗಳು ಮಾತ್ರ ಉಳಿದಿವೆ.

ಸರಾಯ್ ಒಂದನ್ನು ಇಡಿಯಾಗಿ ನೋಡಬೇಕೆಂದರೆ ಲುಧಿಯಾನಾ ಬಳಿಯ ದೋರಾಹಾಕ್ಕೆ ಹೋಗಬೇಕು. ಎದುರುಬದುರು ಎರಡು ಹೆಬ್ಬಾಗಿಲು, ಸುತ್ತ ಸಾಲು ಕೋಣೆ, ನಡುವೆ ದೊಡ್ಡ ಅಂಗಳ, ಒಂದು ಮಸೀದಿ. ಬಾಗಿಲ ನೆತ್ತಿಯಲ್ಲಿ ಬಣ್ಣದ ಹೆಂಚಿನ ಬಿಲ್ಲೆಗಳು ಅಲ್ಲಲ್ಲಿ ಇನ್ನೂ ಹೊಳೆಯುತ್ತವೆ. ಗೆಳೆಯರ ಕಥೆಯೇ ಆದ ‘ರಂಗ್ ದೇ ಬಸಂತಿ’ 2006ರಲ್ಲಿ ತೆರೆಕಂಡ ಮೇಲೆ, ಚಿತ್ರೀಕರಣ ನಡೆದ ಈ ಜಾಗಕ್ಕೆ ಸಿನಿಮಾದ ಹೆಸರೇ ಅಂಟಿಕೊಂಡಿತು. ಯುವಕರು ಬರುವುದು ಆ ನೆಪದಿಂದಲೇ. ಬರಲಿ, ನೆಪ ಯಾವುದಾದರೇನು.

ಫಿಲ್ಲೌರ್ ದಾಟಿದ ಮೇಲೆ ಹೆದ್ದಾರಿ ಬಿಡಬೇಕು. ಮೊಘಲರ ದಾರಿ ಇಲ್ಲಿಂದ ನೂರ್‌ಮಹಲ್, ನಕೋದರ್, ಸುಲ್ತಾನ್‌ಪುರ್ ಲೋಧಿ ಮೇಲೆ ಲಾಹೋರಿಗೆ ಹೋಗುತ್ತಿತ್ತು. 1849ರಲ್ಲಿ ಪಂಜಾಬನ್ನು ವಶಪಡಿಸಿಕೊಂಡ ಬ್ರಿಟಿಷರ ರಸ್ತೆ ಫಗ್ವಾರಾ, ಜಲಂಧರ್, ಅಮೃತಸರದ ಕಡೆ ಹೊರಳಿತು. ಹಾಗಾಗಿಯೇ ಪಂಜಾಬಿನ ಕೆಲವು ಕೋಸ್ ಮಿನಾರ್‌ಗಳು ಇಂದು ಗೋಧಿ ಹೊಲಗಳ ನಡುವೆ ನಿಂತಿವೆ. ನೂರ್ ಜಹಾನಳ ಅಪ್ಪಣೆಯಂತೆ ಕಟ್ಟಿದ ನೂರ್‌ಮಹಲ್ ಸರಾಯ್‌ನ ಪಶ್ಚಿಮದ ಬಾಗಿಲು, ಲಾಹೋರಿ ದರ್ವಾಜಾ, ಕೆಂಪು ಮರಳುಗಲ್ಲಿನದು. ಅದರ ಮೈತುಂಬ ಪ್ರಾಣಿ ಪಕ್ಷಿಗಳ ಕೆತ್ತನೆ. ದಾರಿಹೋಕರು ಒಂದು ರಾತ್ರಿ ತಂಗುವ ಜಾಗಕ್ಕೆ ಅರಮನೆಗೆ ಒಪ್ಪುವಷ್ಟು ಕುಸುರಿ ಮಾಡಿಸಿದ್ದಾರೆ.

ವಾಘಾ ಗಡಿಯ ಸಂಜೆಯ ಕವಾಯತು ನೋಡಲು ಅಮೃತಸರಕ್ಕೆ ಬಂದವರಿಗೆ ಬೆಳಗಿನ ಹೊತ್ತು ಬಿಡುವಿರುತ್ತದೆ. ಅದನ್ನು ಗಡಿಗೆ ಹತ್ತಿರದ ಸರಾಯ್ ಅಮಾನತ್ ಖಾನ್ ಹಳ್ಳಿಗೆ ಮೀಸಲಿಡಬಹುದು. ತಾಜ್‌ಮಹಲ್ ಗೋಡೆಯ ಕುರಾನ್ ವಾಕ್ಯಗಳನ್ನು ಬರೆದ ಲಿಪಿಕಾರ ಅಮಾನತ್ ಖಾನ್, ಅಣ್ಣ ಅಫ್ಜಲ್ ಖಾನ್ 1639ರಲ್ಲಿ ತೀರಿಕೊಂಡ ಬಳಿಕ ದರ್ಬಾರು ಬಿಟ್ಟು ಬಂದು ಇಲ್ಲಿ ಸರಾಯ್ ಕಟ್ಟಿಸಿದ. ಬಾಗಿಲ ಮೇಲಿನ ಬರಹವೂ ಅವನದೇ. ಇಲ್ಲಿಂದ ಹಳೆಯ ದಾರಿ ನೇರ ಲಾಹೋರಿಗೆ ಹೋಗುತ್ತಿತ್ತು. 1947ರಿಂದ ಈಚೆಗೆ ಗಡಿಯ ಬಳಿಯೇ ನಿಂತುಹೋಗಿದೆ.