ಮಾರಾಟಕ್ಕಿರುವ ಗುತ್ತಿನ ಮನೆ

ಮುಂಭಾಗಕ್ಕೆ ಹೊಸ ಹೆಂಚು, ಸಿಮೆಂಟು ನೆಲ. ಹಿಂಭಾಗದಲ್ಲಿ ಗೆದ್ದಲು ಹಿಡಿದ ತೊಲೆ. ಅರ್ಧ ದುರಸ್ತಿಯಾಗಿ ಮಾರಾಟಕ್ಕೆ ನಿಂತ ಇಂತಹ ವಿಶಾಲವಾದ ಗುತ್ತಿನ ಮನೆಯನ್ನು ತುಳುನಾಡಿನಲ್ಲಿ ತಾವೂ ಕಂಡಿರಬಹುದು. ಇದಕ್ಕೊಂದು ಇತಿಹಾಸವಿದೆ.

ಆ ವಿಸ್ತಾರಕ್ಕೆ ಎರಡು ಆಧಾರಗಳಿದ್ದವು: ಪಾಲಾಗದ ಅಳಿಯಸಂತಾನದ ಕೂಡುಕುಟುಂಬ ಮತ್ತು ಒಕ್ಕಲುಗಳು ಅಳೆದುಕೊಡುತ್ತಿದ್ದ ಗೇಣಿಯ ಭತ್ತ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ‘ಕವರು’ ಎಂಬ ಕುಟುಂಬ ಶಾಖೆಗಳಿಗೆ ಪಾಲು ಕೇಳುವ ಹಕ್ಕನ್ನಿತ್ತಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಉಳುವವನನ್ನೇ ಹೊಲದ ಒಡೆಯನನ್ನಾಗಿಸಿತು. ಕಣಜ ಬರಿದಾಯಿತು, ಮಾಡಿನ ದುರಸ್ತಿಯ ಖರ್ಚು ಮಾತ್ರ ಉಳಿಯಿತು. ಕೊಳ್ಳಬಂದವರು ಅನೇಕ ವೇಳೆ ಬೆಲೆ ಕಟ್ಟಿದ್ದು ಮನೆಗಲ್ಲ, ಅದರ ಮರಮಟ್ಟಿಗೆ.

ಹೀಗೆ ನಾಶವಾಗಲಿದ್ದ ಹಲವು ಮನೆಗಳನ್ನು ಕಳಚಿ ತಂದು, ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದವರು 2017ರಲ್ಲಿ ನಿಧನರಾದ ವಿಜಯನಾಥ ಶೆಣೈ. ಅಲ್ಲಿನ ಕಂಬ, ಬೋದಿಗೆಗಳ ಕೆತ್ತನೆಯನ್ನು ನೋಡುವಾಗ ನಮ್ಮ ಮನಸ್ಸು ಮರುಗುವುದು ಸಹಜ.

ಆದರೆ ಒಂದು ಮಾತನ್ನು ಮರೆಯದಿರೋಣ. ದೊಡ್ಡ ಮನೆಯ ಕಣಜವನ್ನು ಬರಿದಾಗಿಸಿದ ಕಾನೂನೇ ಒಕ್ಕಲುಗಳ ಅಂಗಳದಲ್ಲಿ ಸ್ವಂತ ಭತ್ತವನ್ನು ಒಣಹಾಕಿಸಿತು. ಆ ಚಾವಡಿಗಾಗಿ ಮರುಗುವವರು, ಅದರ ಮುಂದೆ ಗೇಣಿ ಹೊತ್ತು ನಿಂತವರನ್ನೂ ನೆನೆಯಬೇಕಲ್ಲವೇ?